ನಿಮಗಿದು ಗೊತ್ತೇ? ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್

ವಿದ್ಯುತ್ತಿನ ಲೆಕ್ಕಕ್ಕೆ ಬೇಕಾದದ್ದು ಎರಡೇ ಅಂಕಿ: ಎಷ್ಟು ವೋಲ್ಟ್, ಎಷ್ಟು ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಅದು ಓಮ್‌ಗಳಲ್ಲಿ. ಎರಡನ್ನೂ ಗುಣಿಸಿದರೆ ಸಾಮರ್ಥ್ಯ, ಅದು ವ್ಯಾಟ್‌ಗಳಲ್ಲಿ. ಹತ್ತನೇ ತರಗತಿಯಲ್ಲಿ ಓದಿ ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವ ಈ ಪಾಠ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನಮ್ಮ ತಲೆಯ ಮೇಲೂ ಕಾಲ ಕೆಳಗೂ ಹಗಲಿರುಳು ನಡೆಯುತ್ತಿದೆ. ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಂಡೇ ಓದಿ.

● ಡೊಂಬಿವಲಿಯಿಂದ ಹೊರಡುವ ಲೋಕಲ್‌ನ ಮೇಲಿರುವ ತಂತಿಯಲ್ಲಿ 25,000 ವೋಲ್ಟ್ ಎಸಿ ಇದೆ. ರೈಲು 10 ಲಕ್ಷ ವ್ಯಾಟ್, ಅಂದರೆ ಒಂದು ಮೆಗಾವ್ಯಾಟ್ ಎಳೆದುಕೊಂಡಿತು ಎನ್ನಿ. ತಂತಿಯಲ್ಲಿ ಹರಿಯುವುದು 40 ಆಂಪಿಯರ್. ಇದೇ ಮಾರ್ಗದಲ್ಲಿ ಹಿಂದೆ ಇದ್ದದ್ದು 1,500 ವೋಲ್ಟ್ ಡಿಸಿ. ಆಗ ಅದೇ ಒಂದು ಮೆಗಾವ್ಯಾಟ್‌ಗೆ 667 ಆಂಪಿಯರ್ ಬೇಕಿತ್ತು. ವ್ಯತ್ಯಾಸ ಸುಮಾರು 17 ಪಟ್ಟು. ಆದರೆ ತಂತಿ ಬಿಸಿಯಾಗಿ ಹಾಳಾಗುವ ವಿದ್ಯುತ್ತು ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ತಂತಿಯ ರೋಧ ಒಂದೇ ಇದ್ದರೆ ನಷ್ಟದಲ್ಲಿ ಸುಮಾರು 278 ಪಟ್ಟು ವ್ಯತ್ಯಾಸ! ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಡಿಸಿಯಿಂದ ಎಸಿಗೆ ಬದಲಾವಣೆ ಪೂರ್ಣಗೊಂಡದ್ದು 2015ರ ಜೂನ್‌ನಲ್ಲಿ, ಹಾರ್ಬರ್ ಮಾರ್ಗದಲ್ಲಿ 2016ರ ಏಪ್ರಿಲ್‌ನಲ್ಲಿ. ಬದಲಾವಣೆ ನಡೆಯುತ್ತಿದ್ದ ವರ್ಷಗಳಲ್ಲಿ ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲ ರೇಕ್‌ಗಳೇ ಪ್ರಯಾಣಿಕರ ಕೈಹಿಡಿದವು.

● ಭಾರತದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ವಿ.ಟಿ.ಯಿಂದ ಕುರ್ಲಾಕ್ಕೆ. ಆ 1,500 ವೋಲ್ಟ್ ಡಿಸಿ ಮುಂಬಯಿಯನ್ನು 91 ವರ್ಷ ಹೊತ್ತು ತಿರುಗಿತು.

● ಡೊಂಬಿವಲಿ ಮತ್ತು ಕಲ್ಯಾಣ್ ನಡುವಿನ ಠಾಕುರ್ಲಿಯಲ್ಲಿ, ಉಲ್ಹಾಸ್ ನದಿಯ ಕಡೆಗೆ, ರೈಲ್ವೆಗೆ ತನ್ನದೇ ವಿದ್ಯುತ್ ಸ್ಥಾವರವಿತ್ತು. ಜಿಐಪಿ ರೈಲ್ವೆ 1929ರಲ್ಲಿ ಕಟ್ಟಿದ ಚೋಳಾ ಪವರ್ ಹೌಸ್. ಕಲ್ಲಿದ್ದಲು ಉರಿಸಿ ರೈಲಿಗೆ ವಿದ್ಯುತ್ತು ಕೊಡುತ್ತಿದ್ದ ಆ ಸ್ಥಾವರದ ಹೆಸರು ಈ ಭಾಗದ ಹಳಬರ ಮಾತಿನಲ್ಲಿ ಇನ್ನೂ ಕೇಳಿಸುತ್ತದೆ.

● 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಹೊರಟ ಭಾರತದ ಮೊದಲ ಪ್ರಯಾಣಿಕ ರೈಲು ಥಾಣೆ ತಲುಪಿದಾಗ ಜಾರ್ಜ್ ಸೈಮನ್ ಓಮ್ ಇನ್ನೂ ಬದುಕಿದ್ದರು! ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ತೀರಿಕೊಂಡದ್ದು 1854ರ ಜುಲೈನಲ್ಲಿ. ವೋಲ್ಟ್, ಆಂಪಿಯರ್, ರೋಧಗಳ ನಂಟನ್ನು ಅವರು ಪುಸ್ತಕವಾಗಿ ಹೊರತಂದದ್ದು 1827ರಲ್ಲಿ. ಅವರ ನಾಡಿನ ಪಂಡಿತರು ಅದನ್ನು ತಣ್ಣಗೆ ಬದಿಗಿಟ್ಟರು. ಓಮ್ ಕೊಲೋನ್‌ನ ಅಧ್ಯಾಪಕ ಹುದ್ದೆಯನ್ನೇ ಬಿಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟು ಗೌರವಿಸಿದ್ದು 14 ವರ್ಷ ಕಳೆದ ಮೇಲೆ, 1841ರಲ್ಲಿ. ಶಾಲೆಯ ಪುಸ್ತಕಗಳು ಸೂತ್ರದ ಜೊತೆ ಈ ಕಥೆಯನ್ನೂ ಹೇಳಬೇಕು ಎಂಬುದು ನನ್ನ ಆಸೆ.

● ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ನೋಡನೋಡುತ್ತಲೇ ಇಳಿದುಬಿಡುತ್ತಿತ್ತು. ಓಮ್ ಕಂಡುಕೊಂಡ ದಾರಿ ಜಾಣತನದ್ದು. ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಕುದಿಯುವ ನೀರು, ಕರಗುವ ಮಂಜು ಎರಡರ ಉಷ್ಣತೆಯೂ ಕದಲದು. ಹಾಗಾಗಿ ವೋಲ್ಟೇಜೂ ಕದಲಲಿಲ್ಲ.

● ಓಮ್‌ಗಿಂತ ಸುಮಾರು ಅರ್ಧ ಶತಮಾನ ಮೊದಲೇ ಹೆನ್ರಿ ಕ್ಯಾವೆಂಡಿಶ್ ಇದೇ ನಿಯಮವನ್ನು ಕಂಡುಕೊಂಡಿದ್ದರು. ಅವರ ಬಳಿ ಆಂಪಿಯರ್ ಅಳೆಯುವ ಮೀಟರ್ ಇರಲಿಲ್ಲ. ತಮ್ಮ ಮೈಗೇ ಶಾಕ್ ತಗುಲಿಸಿಕೊಂಡು, ಯಾವುದು ಜೋರು ಎಂದು ಅಂದಾಜು ಮಾಡಿ ಬರೆದಿಟ್ಟರು. ಪ್ರಕಟಿಸಲಿಲ್ಲ. ಆ ಟಿಪ್ಪಣಿಗಳನ್ನು ಮ್ಯಾಕ್ಸ್‌ವೆಲ್ ಹೊರತಂದದ್ದು 1879ರಲ್ಲಿ.

● ತಂತಿಯ ಬಿಸಿ ಆಂಪಿಯರ್‌ನ ವರ್ಗಕ್ಕೂ ರೋಧಕ್ಕೂ ತಕ್ಕಂತೆ ಏರುತ್ತದೆ ಎಂದು ಜೌಲ್ ತೋರಿಸಿದ್ದು 1841ರಲ್ಲಿ. ಇಸ್ತ್ರಿ ಪೆಟ್ಟಿಗೆ, ಗೀಸರ್, ಫ್ಯೂಸ್ ಮೂರೂ ನಿಂತಿರುವುದು ಈ ಒಂದು ಮಾತಿನ ಮೇಲೆ.

● ಓಮ್, ವೋಲ್ಟ್, ಆಂಪಿಯರ್ ಎಂಬ ಮಾನಗಳನ್ನು ಲೋಕ ಒಪ್ಪಿದ್ದು 1881ರ ಪ್ಯಾರಿಸ್ ಸಮ್ಮೇಳನದಲ್ಲಿ. ಮರುವರ್ಷ ವ್ಯಾಟ್ ಎಂಬ ಮಾನವನ್ನು ಸೂಚಿಸಿದವರು ವಿಲಿಯಂ ಸೀಮೆನ್ಸ್. ಅವರ ಅಣ್ಣ ವೆರ್ನರ್ ಸೀಮೆನ್ಸ್ 1860ರಲ್ಲೇ ರೋಧಕ್ಕೊಂದು ಅಳತೆಗೋಲು ಸೂಚಿಸಿದ್ದರು: ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ಪಾದರಸದ ಎಳೆ, 0 ಡಿಗ್ರಿಯಲ್ಲಿ. ಇಂದು ಆಂಪಿಯರನ್ನು ವೋಲ್ಟ್‌ನಿಂದ ಭಾಗಿಸಿದರೆ ಬರುವ ಮಾನದ ಹೆಸರೇ ಸೀಮೆನ್ಸ್. ಆ ಅಣ್ಣ ಕಟ್ಟಿದ ಕಂಪನಿಯ ಹೆಸರು ಹೊತ್ತ ಕಾರ್ಖಾನೆ ಥಾಣೆ–ಬೇಲಾಪುರ ರಸ್ತೆಯ ಕಳ್ವಾದಲ್ಲಿ ದಶಕಗಳಿಂದ ಇದೆ.

● 2019ರ ಮೇ 20ರಿಂದ ಆಂಪಿಯರ್‌ಗೆ ಹೊಸ ವ್ಯಾಖ್ಯೆ ಬಂದಿದೆ. ಈಗ ಅದು ಎಲೆಕ್ಟ್ರಾನ್‌ಗಳ ಎಣಿಕೆ. ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 62 ಸಾವಿರ ಕೋಟಿ ಕೋಟಿ ಎಲೆಕ್ಟ್ರಾನ್. ಹಾಗೆಂದು ಅವು ವಿದ್ಯುತ್ ಸ್ಥಾವರದಿಂದ ನಿಮ್ಮ ಮನೆಗೆ ಓಡಿ ಬರುವುದಿಲ್ಲ. ಗೀಸರ್ ಚಾಲೂ ಇರುವಾಗಲೂ 1.5 ಚದರ ಮಿಮೀ ತಂತಿಯೊಳಗೆ ಅವು ಹಿಂದೆ ಮುಂದೆ ತೂಗುವ ದೂರ ಮಿಲಿಮೀಟರ್‌ನ ಸಾವಿರದ ಕೆಲವೇ ಭಾಗ.

● ವೋಲ್ಟೇಜ್ ಏರಿಸಿ ಆಂಪಿಯರ್ ಇಳಿಸುವ ಉಪಾಯವನ್ನು ಮೈಸೂರು ಸಂಸ್ಥಾನ 1902ರಲ್ಲೇ ಮಾಡಿ ತೋರಿಸಿತ್ತು. ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಆ ವರ್ಷದ ಜೂನ್ 30ರಂದು ಸುಮಾರು 147 ಕಿಮೀ ದೂರದ ಕೋಲಾರ ಚಿನ್ನದ ಗಣಿ ತಲುಪಿತು. ಅಷ್ಟು ದೂರ ತಂತಿ ಎಳೆದದ್ದು ಅಂದು ಜಗತ್ತಿಗೇ ಸುದ್ದಿ. ಸುಮಾರು 4,000 ಅಶ್ವಶಕ್ತಿ, ಅಂದರೆ 30 ಲಕ್ಷ ವ್ಯಾಟ್. 35,000 ವೋಲ್ಟ್‌ನ ಮೂರು ಫೇಸ್‌ನಲ್ಲಿ ಲೆಕ್ಕ ಹಾಕಿದರೆ ಪ್ರತಿ ತಂತಿಗೆ 49 ಆಂಪಿಯರ್. ಅದನ್ನೇ 230 ವೋಲ್ಟ್‌ನಲ್ಲಿ ಕಳಿಸಲು ಹೊರಟಿದ್ದರೆ ಸಾವಿರಾರು ಆಂಪಿಯರ್ ಬೇಕಾಗುತ್ತಿತ್ತು, ದಾರಿಯಲ್ಲೇ ಎಲ್ಲ ಬಿಸಿಯಾಗಿ ಕರಗುತ್ತಿತ್ತು. ಬೆಂಗಳೂರಿನ ಬೀದಿಗೆ ಅದೇ ಶಿವನಸಮುದ್ರದ ಬೆಳಕು ಬಂದದ್ದು 1905ರ ಆಗಸ್ಟ್ 5ರಂದು.

● ಕೋಲಾರಕ್ಕೆ ಎರಡನೆಯ ದಾಖಲೆಯೂ ಇದೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಲ್ಲಿ ಬಂದ ಡಿಸಿ ಮಾರ್ಗದ ಉದ್ದ ಸುಮಾರು 1,450 ಕಿಮೀ. ಒಂದು ತಂತಿ +500 ಕಿಲೋವೋಲ್ಟ್, ಇನ್ನೊಂದು –500. ನಡುವೆ 10 ಲಕ್ಷ ವೋಲ್ಟ್. ಆರಂಭದ ಸಾಮರ್ಥ್ಯ 2,000 ಮೆಗಾವ್ಯಾಟ್. ಭಾಗಿಸಿ ನೋಡಿ: 2,000 ಆಂಪಿಯರ್.

● ಕಲ್ಯಾಣ್ ಸಮೀಪದ ಪಡಘೆಯಲ್ಲೂ ಅಂಥದೇ ಮಾರ್ಗದ ಕೊನೆ ಇದೆ. ವಿದರ್ಭದ ಚಂದ್ರಪುರದಿಂದ 752 ಕಿಮೀ, ±500 ಕಿಲೋವೋಲ್ಟ್, 1,500 ಮೆಗಾವ್ಯಾಟ್. ಹರಿವು 1,500 ಆಂಪಿಯರ್. ಕಲ್ಲಿದ್ದಲು ಅಗೆಯುವುದು ರಾಜ್ಯದ ಪೂರ್ವದ ತುದಿಯಲ್ಲಿ, ದೀಪ ಉರಿಯುವುದು ಪಶ್ಚಿಮದ ತುದಿಯಲ್ಲಿ.

● 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿ, ಥಾಣೆ, ನವಿ ಮುಂಬಯಿಗಳಲ್ಲಿ ಕರೆಂಟು ಹೋಗಿ ಲೋಕಲ್‌ಗಳು ಅಲ್ಲಲ್ಲೇ ನಿಂತದ್ದು ನೆನಪಿದೆಯೇ? ಪಡಘೆ ಮತ್ತು ಕಳ್ವಾ ನಡುವಿನ 400 ಕಿಲೋವೋಲ್ಟ್ ಮಾರ್ಗಗಳು ಕೈಕೊಟ್ಟಾಗ ಅವುಗಳ ಹೊರೆ ಉಳಿದ ಮಾರ್ಗಗಳ ಮೇಲೆ ಬಿತ್ತು. ಆಂಪಿಯರ್ ಒಂದೂವರೆ ಪಟ್ಟಾದರೆ ತಂತಿಯ ಬಿಸಿ ಎರಡೂಕಾಲು ಪಟ್ಟು. ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ತಂತಿ ಸುಡುವ ಮೊದಲೇ ಮಾರ್ಗ ಕಡಿದುಕೊಳ್ಳುವಂತೆ ರಕ್ಷಣಾ ವ್ಯವಸ್ಥೆ ಇರುತ್ತದೆ. ಹಾಗೆ ಒಂದರ ಹಿಂದೆ ಒಂದು ಕಡಿಯುತ್ತ ಹೋದರೆ ಊರೇ ಕತ್ತಲಾಗುತ್ತದೆ. ರಾಜ್ಯದ ಈ ಹೊರೆಯನ್ನೆಲ್ಲ ಕ್ಷಣಕ್ಷಣವೂ ಕಾಯುವ ಕೇಂದ್ರ ಇರುವುದು ನವಿ ಮುಂಬಯಿಯ ಐರೋಳಿಯಲ್ಲಿ.

● ಬೆಂಗಳೂರಿನ ನಮ್ಮ ಮೆಟ್ರೊ ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ ಪಡೆಯುತ್ತದೆ. 2023ರ ನವೆಂಬರ್ 17ರಂದು ಬೇಲಾಪುರ–ಪೆಂಧರ್ ನಡುವೆ ಶುರುವಾದ ನವಿ ಮುಂಬಯಿ ಮೆಟ್ರೊ ಮೇಲಿನ ತಂತಿಯಿಂದ 25,000 ವೋಲ್ಟ್ ಎಸಿ ಪಡೆಯುತ್ತದೆ. ಒಂದು ಮೆಗಾವ್ಯಾಟ್‌ಗೆ ಅಲ್ಲಿ 1,333 ಆಂಪಿಯರ್, ಇಲ್ಲಿ 40.

● ರೈಲಿನ ತಂತಿಯ ಮೇಲೆ ಕಾಗೆ ಆರಾಮಾಗಿ ಕೂರುವುದು ಹೇಗೆ? ಆ ತಾಮ್ರದ ತಂತಿ 107 ಚದರ ಮಿಮೀ ದಪ್ಪ. ಕಾಗೆಯ ಎರಡು ಕಾಲುಗಳ ನಡುವಿನ ಐದು ಸೆಂಟಿಮೀಟರ್ ತಂತಿಯ ರೋಧ ಓಮ್‌ನ ಲಕ್ಷದ ಒಂದು ಭಾಗಕ್ಕೂ ಕಡಿಮೆ. 100 ಆಂಪಿಯರ್ ಹರಿದರೂ ಕಾಲಿನಿಂದ ಕಾಲಿಗೆ ಒಂದು ಮಿಲಿವೋಲ್ಟ್ ವ್ಯತ್ಯಾಸವೂ ಇರದು.

● ಮೊಬೈಲ್ ಚಾರ್ಜರ್‌ನ ಲೆಕ್ಕವೂ ರೈಲಿನದೇ. 100 ವ್ಯಾಟ್‌ಗೆ 5 ವೋಲ್ಟ್ ಆದರೆ 20 ಆಂಪಿಯರ್ ಬೇಕು, ಸಣ್ಣ ಕೇಬಲ್ ಸುಟ್ಟುಹೋಗುತ್ತದೆ. ಹೊಸ ಚಾರ್ಜರ್‌ಗಳು ವೋಲ್ಟೇಜನ್ನೇ 20ಕ್ಕೆ ಏರಿಸುತ್ತವೆ. ಆಗ ಸಾಕಾಗುವುದು 5 ಆಂಪಿಯರ್.

● ಈಗ ಬಚ್ಚಲಮನೆಗೆ ಬನ್ನಿ. ಗೀಸರ್‌ನ ಮೇಲೆ 2,000 ವ್ಯಾಟ್, 230 ವೋಲ್ಟ್ ಎಂದಿದ್ದರೆ ಅದು ಎಳೆಯುವುದು 8.7 ಆಂಪಿಯರ್. 230ನ್ನು 8.7ರಿಂದ ಭಾಗಿಸಿದರೆ ಅದರ ಕಾಯಿಲ್‌ನ ರೋಧ ಸುಮಾರು 26.5 ಓಮ್. ಗೀಸರನ್ನು 6 ಆಂಪಿಯರ್‌ನ ಸಣ್ಣ ಪ್ಲಗ್‌ಗೆ ಸಿಕ್ಕಿಸಬಾರದು, 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು ಎನ್ನಲು ಕಾರಣ ಇಷ್ಟೇ.

● ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಇಳಿಕೆ ಶೇ. 13. ಆದರೆ ಅದೇ ಗೀಸರ್‌ನ ವ್ಯಾಟ್ 2,000ದಿಂದ 1,512ಕ್ಕೆ ಇಳಿಯುತ್ತದೆ, ಸುಮಾರು ಕಾಲು ಭಾಗ. ವೋಲ್ಟ್ ಕಡಿಮೆಯಾದಾಗ ಆಂಪಿಯರೂ ಕಡಿಮೆಯಾಗುತ್ತದೆ, ಹೊಡೆತ ಎರಡು ಕಡೆಯಿಂದ.

● ಹಾಗಾದರೆ ವೋಲ್ಟೇಜ್ ಕಡಿಮೆ ಇದ್ದಾಗ ಲೈಟ್ ಬಿಲ್ ಉಳಿಯುತ್ತದೆಯೇ? ಗೀಸರ್‌ನಲ್ಲಂತೂ ಇಲ್ಲ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.61 ಯೂನಿಟ್ ಬೇಕೇ ಬೇಕು. 230 ವೋಲ್ಟ್ ಇದ್ದರೆ 18 ನಿಮಿಷ, 200 ಇದ್ದರೆ 24 ನಿಮಿಷ. ಯೂನಿಟ್ ಅಷ್ಟೇ, ಕಾಯುವುದು ಹೆಚ್ಚು. ಇನ್ವರ್ಟರ್ ಎಸಿ, ಟಿವಿ, ಕಂಪ್ಯೂಟರ್‌ಗಳ ಸ್ವಭಾವ ತಿರುಗುಮುರುಗು. ಅವು ತಮಗೆ ಬೇಕಾದ ವ್ಯಾಟನ್ನು ಬಿಡುವುದಿಲ್ಲ, ವೋಲ್ಟ್ ಇಳಿದರೆ ಆಂಪಿಯರ್ ಜಾಸ್ತಿ ಎಳೆಯುತ್ತವೆ. 230ರಲ್ಲಿ 6 ಆಂಪಿಯರ್ ಎಳೆಯುತ್ತಿದ್ದದ್ದು 200ರಲ್ಲಿ 6.9.

● ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಒಂದು ಟನ್ ನೀರನ್ನು 367 ಮೀಟರ್ ಎತ್ತರಕ್ಕೆ ಏರಿಸುವಷ್ಟು ಶಕ್ತಿ! ಸೊಸೈಟಿಯ ಪಂಪು ಅರ್ಧ ಶಕ್ತಿಯನ್ನು ವ್ಯರ್ಥ ಮಾಡುತ್ತದೆ ಎಂದುಕೊಂಡರೂ ಏಳು ಮಹಡಿಯ ಮೇಲಿನ ಟ್ಯಾಂಕಿಗೆ, 20 ಮೀಟರ್ ಎತ್ತರಕ್ಕೆ, 5,000 ಲೀಟರ್ ಏರಿಸಲು ಬೇಕಾಗುವುದು ಸುಮಾರು 0.55 ಯೂನಿಟ್. ಅಂದರೆ ಒಬ್ಬರ ಸ್ನಾನದ ಒಂದು ಗೀಸರ್ ನೀರು ಕಾಯಿಸುವುದಕ್ಕಿಂತ ಕಡಿಮೆ. ಸೊಸೈಟಿ ಮೀಟಿಂಗುಗಳಲ್ಲಿ ಪಂಪಿನ ಬಿಲ್ಲಿನ ಬಗ್ಗೆ ಜಗಳ ಬಂದಾಗ ಈ ಲೆಕ್ಕ ಮುಂದಿಡಿ.

● ರಾತ್ರಿ ಉರಿಸುತ್ತಿದ್ದ ಹಳೆಯ ಝೀರೊ ಬಲ್ಬ್ ಸುಮಾರು 15 ವ್ಯಾಟ್ ತಿನ್ನುತ್ತಿತ್ತು. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 4.5 ಯೂನಿಟ್.

● ಹಳೆಯ ತಂತಿಬಲ್ಬ್ ಸಾಮಾನ್ಯವಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಸಾಯುತ್ತಿತ್ತು. 60 ವ್ಯಾಟ್ ಬಲ್ಬಿನ ಟಂಗ್‌ಸ್ಟನ್ ಉರಿಯುವಾಗ ರೋಧ 882 ಓಮ್. ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಹಾಗಾಗಿ ಮೊದಲ ಕ್ಷಣದಲ್ಲಿ ಹತ್ತು ಪಟ್ಟಿಗೂ ಮೀರಿ ಆಂಪಿಯರ್ ನುಗ್ಗುತ್ತದೆ. ಸವೆದ ಎಳೆ ಅಲ್ಲೇ ತುಂಡು. ಇಸ್ತ್ರಿ ಪೆಟ್ಟಿಗೆಯ ನೈಕ್ರೋಮ್ ತಂತಿಗೆ ಈ ಕಾಟವಿಲ್ಲ, ಬಿಸಿಯಾದರೂ ಅದರ ರೋಧ ಹೆಚ್ಚೇನೂ ಬದಲಾಗದು.

● 60 ವ್ಯಾಟ್ ಮತ್ತು 100 ವ್ಯಾಟ್ ಬಲ್ಬುಗಳನ್ನು ಒಂದರ ಹಿಂದೊಂದು, ಸೀರೀಸ್‌ನಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? 60 ವ್ಯಾಟಿನದು! ಎರಡರಲ್ಲೂ ಆಂಪಿಯರ್ ಒಂದೇ, ಆದರೆ 60ರ ರೋಧ 882 ಓಮ್, 100ರದು 529. ರೋಧ ಹೆಚ್ಚಿದ್ದ ಕಡೆ ವ್ಯಾಟ್ ಹೆಚ್ಚು.

● ಗಣಪತಿ ಮಂಟಪದ ಹಳೆಯ ಸೀರೀಸ್ ಸರದಲ್ಲಿ 50 ಬಲ್ಬಿದ್ದರೆ ಒಂದೊಂದಕ್ಕೆ ಸಿಗುವುದು 4.6 ವೋಲ್ಟ್. ಒಂದು ಬಲ್ಬ್ ಹೋಯಿತೆಂದು ಅದನ್ನು ಕಿತ್ತು ತಂತಿ ಜೋಡಿಸಿದರೆ ಉಳಿದ 49ರ ಮೇಲೂ ಹೊರೆ ಸ್ವಲ್ಪ ಏರುತ್ತದೆ. ಹೀಗೆ ಕೀಳುತ್ತ ಹೋದರೆ ಉಳಿದವು ಬೇಗಬೇಗ ಹೋಗುತ್ತವೆ. ಆ ಬಲ್ಬು ಇಲ್ಲದ ಜಾಗದಲ್ಲಿ ಸರವನ್ನು ಮುಟ್ಟಿದವರಿಗೆ ಸಿಗುವುದು ಮಾತ್ರ 4.6 ವೋಲ್ಟ್ ಅಲ್ಲ, ಪೂರಾ 230.

● ಪ್ಲಗ್ ಯಾಕೆ ಕರಗುತ್ತದೆ? ಸಡಿಲಾದ ಪಿನ್‌ನಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡಿತು ಎನ್ನಿ. ಗೀಸರ್‌ನ 8.7 ಆಂಪಿಯರನ್ನು ವರ್ಗ ಮಾಡಿ ಅರ್ಧದಿಂದ ಗುಣಿಸಿ: ಸುಮಾರು 38 ವ್ಯಾಟ್. ಸರ್ಕ್ಯೂಟ್ ಬೆಸೆಯುವ ಸೋಲ್ಡರಿಂಗ್ ಐರನ್‌ಗೆ 25 ವ್ಯಾಟ್ ಸಾಕು. ಅದಕ್ಕಿಂತ ಹೆಚ್ಚಿನ ಬಿಸಿ ಕಡಲೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಮಧ್ಯೆ! ಎಂಸಿಬಿ ಬೀಳುವುದಿಲ್ಲ, ಏಕೆಂದರೆ ಆಂಪಿಯರ್ ಹೆಚ್ಚಾಗಿಯೇ ಇಲ್ಲ. ಪ್ಲಗ್ ಮುಟ್ಟಿದಾಗ ಕೈಗೆ ಬಿಸಿ ತಗುಲಿದರೆ ಅಂದೇ ವೈರ್‌ಮನ್‌ನನ್ನು ಕರೆಸಿ.

● 1.5 ಚದರ ಮಿಮೀ ತಾಮ್ರದ ವೈರನ್ನು 20 ಮೀಟರ್ ಎಳೆದರೆ, ಹೋಗಿಬರುವ ದಾರಿ ಸೇರಿ ರೋಧ ಸುಮಾರು 0.46 ಓಮ್. ಗೀಸರ್ ಓಡುವಾಗ ಗೋಡೆಯೊಳಗೇ 4 ವೋಲ್ಟ್, 35 ವ್ಯಾಟ್ ಖರ್ಚು. 2.5 ಚದರ ಮಿಮೀ ಹಾಕಿದ್ದರೆ 21 ವ್ಯಾಟ್.

● ಮನೆಯ ಇನ್ವರ್ಟರ್ ಬ್ಯಾಟರಿಯ ಕೇಬಲ್ ಅಷ್ಟು ದಪ್ಪ ಯಾಕೆ? 600 ವ್ಯಾಟ್‌ಗೆ 230 ವೋಲ್ಟ್ ಕಡೆ 2.6 ಆಂಪಿಯರ್ ಸಾಕು, 12 ವೋಲ್ಟ್ ಕಡೆ 50 ಆಂಪಿಯರ್. ಬ್ಯಾಟರಿಯ ಟರ್ಮಿನಲ್‌ನಲ್ಲಿ ಬಿಳಿ ಪುಡಿ ಕಟ್ಟಿ ಓಮ್‌ನ ಐವತ್ತನೇ ಒಂದು ಭಾಗ ರೋಧ ಬಂದರೂ ಅಲ್ಲೇ 50 ವ್ಯಾಟ್ ಸುಡುತ್ತದೆ.

● ಮೀಟರ್ ಸರಿಯಿದೆಯೇ ಎಂದು ನೀವೇ ನೋಡಬಹುದು. ಮೀಟರ್ ಮೇಲೆ ‘3200 ಇಂಪಲ್ಸ್/ಕೆಡಬ್ಲ್ಯೂಎಚ್’ ಎಂದಿದ್ದರೆ ಒಂದು ಯೂನಿಟ್‌ಗೆ ಕೆಂಪು ದೀಪ 3,200 ಸಲ ಮಿನುಗುತ್ತದೆ. ಉಳಿದೆಲ್ಲ ಆರಿಸಿ 2,000 ವ್ಯಾಟ್‌ನ ಗೀಸರ್ ಮಾತ್ರ ಹಾಕಿ. 10 ಮಿನುಗಿಗೆ ಸುಮಾರು 5.6 ಸೆಕೆಂಡ್ ಹಿಡಿಯಬೇಕು. ಎಲ್ಲವನ್ನೂ ಆರಿಸಿದ ಮೇಲೂ ಅದು ಮಿನುಗುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ, ಅಥವಾ ಆರಿಸದ ಯಾವುದೋ ಉಪಕರಣ ಇದೆ.

● ಕ್ಲ್ಯಾಂಪ್ ಮೀಟರ್ ವೈರನ್ನು ಕತ್ತರಿಸದೆ, ಹೊರಗಿನಿಂದಲೇ ಸುತ್ತಿ ಹಿಡಿದು ಆಂಪಿಯರ್ ಹೇಳುತ್ತದೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ. ಹೋದದ್ದೆಲ್ಲ ಮರಳಿ ಬಂದಿರುವುದರಿಂದ ಒಂದನ್ನೊಂದು ಕಳೆದುಬಿಡುತ್ತವೆ. ಈ ಸೊನ್ನೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

● ಸುತ್ತುವ ಮೋಟಾರಿನ ಒಳಗಿನ ಉಷ್ಣತೆಯನ್ನು ಥರ್ಮಾಮೀಟರ್ ಇಲ್ಲದೆ ಅಳೆಯಬಹುದು. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ರೋಧ ಸುಮಾರು ಶೇ. 0.39 ಏರುತ್ತದೆ. 30 ಡಿಗ್ರಿಯಲ್ಲಿ 10 ಓಮ್ ಇದ್ದ ಸುರುಳಿ ಓಡಿ ನಿಂತ ಕೂಡಲೇ 12.4 ಓಮ್ ತೋರಿಸಿದರೆ ಅದರ ಹೊಟ್ಟೆಯೊಳಗೆ ಸುಮಾರು 93 ಡಿಗ್ರಿ. ವಾಗ್ಳೆ ಎಸ್ಟೇಟ್‌ನಂಥ ಕಡೆ ಮೋಟಾರು ಪರೀಕ್ಷಿಸುವವರಿಗೆ ಇದು ದಿನನಿತ್ಯದ ಪಾಠ.

● ರೋಧ ಅಳೆಯುವ ವೀಟ್‌ಸ್ಟನ್ ಸೇತುವೆಯನ್ನು ಕಂಡುಹಿಡಿದವರು ವೀಟ್‌ಸ್ಟನ್ ಅಲ್ಲ. 1833ರಲ್ಲಿ ಸ್ಯಾಮುಯೆಲ್ ಹಂಟರ್ ಕ್ರಿಸ್ಟಿ. ಅದನ್ನು ಜನಪ್ರಿಯ ಮಾಡಿದವರು ವೀಟ್‌ಸ್ಟನ್. ತಾವೇ ಕ್ರಿಸ್ಟಿಯ ಹೆಸರು ಹೇಳಿದ್ದರೂ ಸೇತುವೆಗೆ ಅಂಟಿಕೊಂಡದ್ದು ಇವರ ಹೆಸರು.

● ರೋಧ ಪೂರ್ತಿ ಸೊನ್ನೆಯಾಗಬಲ್ಲದೇ? ಆಗಬಲ್ಲದು. 1911ರಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಮೈನಸ್ 269 ಡಿಗ್ರಿಗೆ ತಣಿಸಿದಾಗ ಅದರ ರೋಧ ಮಾಯವಾಯಿತು. ದೊಡ್ಡ ಎಂಆರ್‌ಐ ಯಂತ್ರಗಳ ಅಯಸ್ಕಾಂತದ ಸುರುಳಿಯಲ್ಲಿ ವೋಲ್ಟೇಜ್ ಇಲ್ಲದೆಯೇ ಆಂಪಿಯರ್ ಸುತ್ತುತ್ತಿರುತ್ತದೆ.

● ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ 2 ಎಚ್‌ಪಿ ಗ್ರೈಂಡರ್ ಹಿಟ್ಟು ರುಬ್ಬುತ್ತಿದೆ. ಒಂದು ಎಚ್‌ಪಿ 746 ವ್ಯಾಟ್. ಮೋಟಾರಿನ ದಕ್ಷತೆ ಶೇ. 80 ಎಂದರೆ ಅದು ತಿನ್ನುವುದು ಸುಮಾರು 1,865 ವ್ಯಾಟ್. ಇಲ್ಲಿ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎಸಿಯಲ್ಲಿ ಓಡುವ ಮೋಟಾರಿನ ಸುರುಳಿಯಲ್ಲಿ ಆಂಪಿಯರ್ ವೋಲ್ಟ್‌ಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಆ ಹಿಂದೆ ಬೀಳುವಿಕೆಗೆ ಪವರ್ ಫ್ಯಾಕ್ಟರ್ ಎಂಬ ಸಂಖ್ಯೆಯಿಂದಲೂ ಗುಣಿಸಬೇಕು. ಅದು 0.8 ಇದ್ದರೆ ಒಂದೇ ಫೇಸ್‌ನಲ್ಲಿ 10 ಆಂಪಿಯರ್, ಮೂರು ಫೇಸ್‌ನಲ್ಲಿ ತಂತಿಗೆ 3.4. ಚಾಲೂ ಮಾಡಿದ ಕ್ಷಣ ಇದರ ಐದಾರು ಪಟ್ಟು ಎಳೆಯುತ್ತದೆ, ಕೌಂಟರಿನ ದೀಪ ಮಿಣುಕುವುದು ಅದಕ್ಕೇ. ಡೊಂಬಿವಲಿ ಎಂಐಡಿಸಿಯಂಥ ಕಡೆಯ ಎಚ್‌ಟಿ (ಹೈ ಟೆನ್ಷನ್) ಗ್ರಾಹಕರಿಗೆ ವಿದ್ಯುತ್ ಕಂಪನಿ ಮಹಾವಿತರಣ 2020ರ ಏಪ್ರಿಲ್‌ನಿಂದ ಬಿಲ್ ಹಾಕುವುದು ಬರೀ ವ್ಯಾಟ್ ನೋಡಿ ಅಲ್ಲ, ವೋಲ್ಟ್ ಆಂಪಿಯರ್‌ಗಳ ಪೂರ್ತಿ ಗುಣಲಬ್ಧ ನೋಡಿ. ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರ್ ಸರಿಪಡಿಸಿಕೊಂಡವರಿಗೆ ಉಳಿತಾಯ.

● ಐರೋಳಿ, ಮಹಾಪೆ, ರಬಾಳೆಯ ಡೇಟಾ ಸೆಂಟರ್‌ಗಳೊಳಗೆ ಒಂದು ಮೆಗಾವ್ಯಾಟ್ ಹೋದರೆ ಒಂದು ಮೆಗಾವ್ಯಾಟ್ ಬಿಸಿಯಾಗಿಯೇ ಹೊರಬರಬೇಕು. 2,000 ವ್ಯಾಟ್‌ನ 500 ಗೀಸರ್ ಒಟ್ಟಿಗೆ ಉರಿದಷ್ಟು.

● ‘ನ್ಯೂಟ್ರಲ್ ಹೋಗಿದೆ’ ಎಂದು ವೈರ್‌ಮನ್ ಹೇಳಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಮೀಟರ್ ರೂಮಿನಲ್ಲಿ ನ್ಯೂಟ್ರಲ್ ಕಡಿದರೆ ಬೇರೆ ಬೇರೆ ಫೇಸ್‌ನ ಎರಡು ಮನೆಗಳು 400 ವೋಲ್ಟ್‌ನ ನಡುವೆ ಸೀರೀಸ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ಮನೆಯಲ್ಲಿ ಗೀಸರ್, 26.5 ಓಮ್. ಇನ್ನೊಂದರಲ್ಲಿ 100 ವ್ಯಾಟ್‌ನಷ್ಟು ಟಿವಿ, ದೀಪ. ಅದನ್ನು ಸರಳ ರೋಧವೆಂದುಕೊಂಡರೆ 529 ಓಮ್. ಹರಿಯುವುದು 0.72 ಆಂಪಿಯರ್. ಗೀಸರ್ ಮನೆಗೆ 19 ವೋಲ್ಟ್, ಟಿವಿ ಮನೆಗೆ 381! ಒಂದು ಮನೆಯಲ್ಲಿ ದೀಪ ಮಂಕಾಗಿ, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವಂತೆ ಉರಿದರೆ ಕೂಡಲೇ ಮೇನ್ ಸ್ವಿಚ್ ಆರಿಸಿ.

● ವೈರ್‌ಮನ್ ಕೈಯ ಟೆಸ್ಟರ್‌ನೊಳಗೆ ಸುಮಾರು 10 ಲಕ್ಷ ಓಮ್ ರೋಧ ಇರುತ್ತದೆ. ಅವರ ಮೈಯಲ್ಲಿ ಹರಿಯುವುದು 0.23 ಮಿಲಿಆಂಪಿಯರ್ ಮಾತ್ರ. ನಿಯಾನ್ ದೀಪಕ್ಕೆ ಅಷ್ಟು ಸಾಕು, ಮನುಷ್ಯನಿಗೆ ಅದು ತಿಳಿಯುವುದೂ ಇಲ್ಲ.

● ಒಣ ಚರ್ಮದ ರೋಧ ಒಂದು ಲಕ್ಷ ಓಮ್‌ವರೆಗೂ ಇರಬಹುದು. ಆಗ 230 ವೋಲ್ಟ್ ತಗುಲಿದರೆ 2.3 ಮಿಲಿಆಂಪಿಯರ್, ಒಂದು ಜುಮ್ಮೆನ್ನುವ ಏಟು. ಮೈ ಒದ್ದೆಯಾಗಿದ್ದರೆ ರೋಧ ಸಾವಿರ ಓಮ್‌ಗೆ ಇಳಿಯಬಹುದು. ಆಗ 230 ಮಿಲಿಆಂಪಿಯರ್. 10 ಮಿಲಿಆಂಪಿಯರ್ ಆಸುಪಾಸಿನಲ್ಲೇ ಹಿಡಿದ ಕೈ ಬಿಡಿಸಿಕೊಳ್ಳಲಾಗದು. 30 ದಾಟಿದರೆ ಹೃದಯದ ಲಯ ತಪ್ಪುವ ಅಪಾಯ ಶುರು. ವೋಲ್ಟ್ ಬದಲಾಗಿಲ್ಲ, ರೋಧ ಮಾತ್ರ ಬದಲಾಗಿದೆ.

● ಶುದ್ಧ ನೀರು ವಿದ್ಯುತ್ತನ್ನು ಬಹುಮಟ್ಟಿಗೆ ತಡೆಯುತ್ತದೆ. ಒಂದು ಸೆಂಟಿಮೀಟರ್ ಘನದ ಎದುರುಬದುರು ಮುಖಗಳ ನಡುವೆ ಅದರ ರೋಧ ಸುಮಾರು 1.8 ಕೋಟಿ ಓಮ್. ಸಮುದ್ರದ ನೀರಿಗೆ ಅದೇ ಅಳತೆಯಲ್ಲಿ ಸುಮಾರು 20 ಓಮ್! ಥಾಣೆ ಖಾರಿಯ ಗಾಳಿಯಲ್ಲಿ ಬರುವ ಉಪ್ಪು ಪಿಂಗಾಣಿ ಇನ್ಸುಲೇಟರ್‌ಗಳ ಮೇಲೆ ಕೂತು, ಇಬ್ಬನಿಯಲ್ಲಿ ನೆನೆದರೆ ವಿದ್ಯುತ್ತಿಗೆ ದಾರಿಯಾಗಿಬಿಡುತ್ತದೆ. ಹಾಗಾಗಿ ಅವುಗಳನ್ನು ತೊಳೆಯುತ್ತಿರಬೇಕು.

● 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಮೀ ಮಳೆ ಸುರಿದಾಗ ಉಲ್ಹಾಸ್ ದಂಡೆಯ ಕಲ್ಯಾಣ್ ಕಡೆಯೂ ಮುಳುಗಿತ್ತು. ಬೀದಿಯ ನೆರೆನೀರು ಶುದ್ಧ ನೀರಲ್ಲ. ಅದರಲ್ಲಿ ಚರಂಡಿ, ಉಪ್ಪು, ಮಣ್ಣು ಎಲ್ಲ ಇದೆ. ನೆಲಮಹಡಿಯ ಮೀಟರ್ ರೂಮಿಗೆ ನೀರು ನುಗ್ಗಿದರೆ ಸ್ವಿಚ್ ಆರಿಸಲು ನೀರಿಗಿಳಿಯಬೇಡಿ. ಮಹಾವಿತರಣಕ್ಕೆ ತಿಳಿಸಿ ಹೊರಗಿನಿಂದಲೇ ಕಡಿಸಿ.

● ರೈಲಿನ 25,000 ವೋಲ್ಟನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಗಾಳಿಯನ್ನು ಸೀಳಿ ಹಾರುತ್ತದೆ. ಸಾವಿರ ಓಮ್‌ನ ಮೈಗೆ 25 ಆಂಪಿಯರ್, ಗುಣಿಸಿದರೆ ಆರೂಕಾಲು ಲಕ್ಷ ವ್ಯಾಟ್. ನಿಂತ ರೈಲಿನ ಛಾವಣಿ ಹತ್ತಿ ಸೆಲ್ಫಿ ತೆಗೆಯುವ ಹುಡುಗರಿಗೆ ಈ ಒಂದು ಗುಣಾಕಾರವನ್ನು ಮನೆಯಲ್ಲೇ ಮಾಡಿ ತೋರಿಸಿ.

● ಅರ್ಥಿಂಗ್ ಇದೆ, ಎಂಸಿಬಿ ಇದೆ ಎಂದು ನಿಶ್ಚಿಂತೆಯಿಂದ ಇರಬಹುದೇ? ಗೀಸರ್‌ನ ಮೈಗೆ ಫೇಸ್ ತಗುಲಿತು ಎನ್ನಿ. ಅರ್ಥಿಂಗ್ ಕಟ್ಟಡದ ಗುಂಡಿಯೊಂದನ್ನೇ ನಂಬಿದ್ದು, ಅದು ಮೇ ತಿಂಗಳಲ್ಲಿ ಒಣಗಿ 50 ಓಮ್ ಆಗಿದ್ದರೆ ನೆಲಕ್ಕೆ ಹರಿಯುವುದು ಬರೀ 4.6 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಅದು ಮಾಮೂಲಿ ಹೊರೆ, ಅದು ಬೀಳುವುದೇ ಇಲ್ಲ. ಗೀಸರ್‌ನ ಮೈಯಲ್ಲಿ ವೋಲ್ಟೇಜ್ ನಿಂತೇ ಇರುತ್ತದೆ. ಮೇಲಾಗಿ 1,058 ವ್ಯಾಟ್ ಮಣ್ಣಿಗೆ ಸುರಿಯುತ್ತ ದಿನಕ್ಕೆ 25 ಯೂನಿಟ್ ಹೋಗುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿಸುವುದು ವಾಚ್‌ಮನ್‌ನ ಕೆಲಸಗಳ ಪಟ್ಟಿಯಲ್ಲಿ ಇರಲೇಬೇಕು.

● ಕ್ಲ್ಯಾಂಪ್ ಮೀಟರ್‌ನ ಆ ಸೊನ್ನೆ ನೆನಪಿದೆಯಲ್ಲ? ಆರ್‌ಸಿಸಿಬಿ ಕೆಲಸ ಮಾಡುವುದು ಅದರ ಮೇಲೆಯೇ. ಫೇಸ್‌ನಲ್ಲಿ ಹೋದದ್ದಕ್ಕೂ ನ್ಯೂಟ್ರಲ್‌ನಲ್ಲಿ ಮರಳಿದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ, ಅದು ಯಾರದೋ ಮೈಯ ಮೂಲಕ ನೆಲ ಸೇರುತ್ತಿರಬಹುದು ಎಂದು ಕ್ಷಣಾರ್ಧದಲ್ಲಿ ಕಡಿದುಬಿಡುತ್ತದೆ. ಅದರ ಮೇಲೆ ‘ಟಿ’ ಎಂಬ ಪುಟ್ಟ ಗುಂಡಿ ಇದೆ. ಒತ್ತಿದರೆ ಒಳಗಿನ ಒಂದು ರೋಧದ ಮೂಲಕ ಸಣ್ಣ ಸೋರಿಕೆಯನ್ನು ಬೇಕೆಂದೇ ಹುಟ್ಟಿಸುತ್ತದೆ. ಒತ್ತಿದ ಕೂಡಲೇ ಲಿವರ್ ಕೆಳಗೆ ಬೀಳಬೇಕು. ಬೀಳದಿದ್ದರೆ ಮಳೆ ಶುರುವಾಗುವ ಮುಂಚೆ ಬದಲಾಯಿಸಿ.